ತಡೀರಿ ಮಾವ ಮರಳ ದಿಬ್ಬ ಹತ್ತಿದ್ದು

ನದಿ ಕಡಲು ಸೇರುವ ಜಾಗದಲ್ಲಿ ಒಂದು ಮರಳ ದಿಬ್ಬವಿದೆ. ದಿನಕ್ಕೆ ಎರಡು ಸಲ ಅದು ನೀರಿನಲ್ಲಿ ಮುಳುಗುತ್ತದೆ, ಎರಡು ಸಲ ಬೆನ್ನು ತೋರಿಸುತ್ತದೆ. ಮುಳುಗಿದ್ದಾಗ ಅದನ್ನು ಮರೆತು ಬಂದ ದೋಣಿಗಳು ಸೀದಾ ಅದರ ಮೇಲೆ ಹತ್ತಿ ಕೂರುತ್ತವೆ. ಹಾಗೆ ಕೂತ ದೋಣಿಗಳನ್ನು ಬಿಡಿಸಿಕೊಡುವುದು ತಡೀರಿ ಮಾವನ ಕಸುಬು. ಮೂವತ್ತು ವರ್ಷದಿಂದ ಅವನ ಮನೆಯ ಒಲೆ ಉರಿಯುತ್ತಿರುವುದು ಬೇರೆಯವರ ಮರೆವಿನಿಂದ.

ಅವನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಮತದಾರರ ಪಟ್ಟಿಯಲ್ಲಿ ಅದು ಈಗಲೂ ಇರಬಹುದು. ದೋಣಿ ಸಿಕ್ಕಿಬಿತ್ತು ಎಂದು ಯಾರು ಎದ್ದುಬಿದ್ದು ಓಡಿ ಬಂದರೂ ಅವನ ಬಾಯಿಂದ ಮೊದಲು ಬರುವುದು "ಸ್ವಲ್ಪ ತಡೀರಿ" ಎಂಬ ಮಾತು. ಹೀಗಾಗಿ ಊರು ಆ ಹೆಸರನ್ನೇ ಗಟ್ಟಿ ಮಾಡಿತು. ಅವನಿಗಿಂತ ಹಿರಿಯರೂ ಅವನನ್ನು ಮಾವ ಎಂದೇ ಕರೆಯುತ್ತಾರೆ.

ಈ ಕಸುಬಿನಲ್ಲಿ ಒಂದು ಗುಟ್ಟಿತ್ತು. ದೋಣಿಯನ್ನು ಬಿಡಿಸುವುದು ಮಾವನಲ್ಲ, ನೀರು. ಇಳಿತದಲ್ಲಿ ಸಿಕ್ಕಿಕೊಂಡ ದೋಣಿ ಉಬ್ಬರ ಬಂದರೆ ತಾನಾಗಿಯೇ ಏಳುತ್ತದೆ. ಮಾವ ನಿಜವಾಗಿ ಮಾಡಬೇಕಾದದ್ದು ಎರಡೇ. ಆಳದ ಕಡೆಗೆ ಲಂಗರು ಇಳಿಸಿ ಹಗ್ಗ ಬಿಗಿಯಬೇಕು, ಇಲ್ಲದಿದ್ದರೆ ಏರುವ ನೀರು ದೋಣಿಯನ್ನು ದಿಬ್ಬದ ಇನ್ನೂ ಮೇಲಕ್ಕೆ ನೂಕುತ್ತದೆ. ಆಮೇಲೆ ಯಾರೂ ಅವಸರಕ್ಕೆ ಎಳೆದಾಡಿ ದೋಣಿಯ ತಳ ಒಡೆಯದಂತೆ ನೋಡಿಕೊಳ್ಳಬೇಕು. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಉಳಿದ ಐದು ಗಂಟೆ ಕೈಕಟ್ಟಿ ಕೂತರೆ ಕೂಲಿ ಯಾರು ಕೊಡುತ್ತಾರೆ?

ಅದಕ್ಕೆ ಮಾವ ಒಂದು ದೊಡ್ಡ ನಾಟಕವನ್ನೇ ಕಟ್ಟಿದ್ದ. ದೋಣಿಗೆ ಕಿವಿಯಿಟ್ಟು ಬೆರಳಿನಿಂದ ತಟ್ಟಿ, ಕಣ್ಣುಮುಚ್ಚಿ ಕೇಳಿಸಿಕೊಳ್ಳುತ್ತಿದ್ದ. ನೀರನ್ನು ನಾಲಿಗೆಗೆ ಹಚ್ಚಿ ಚಪ್ಪರಿಸಿ, "ಊಹೂಂ, ಇನ್ನೂ ಒಪ್ಪಿಲ್ಲ" ಎನ್ನುತ್ತಿದ್ದ. ದೋಣಿಯ ಮಾಲೀಕನಿಂದ ಸಾಮಾನನ್ನೆಲ್ಲ ಮುಂದಿನಿಂದ ಹಿಂದಕ್ಕೆ ಹೊರಿಸಿ, ಒಂದು ಗಂಟೆ ಬಿಟ್ಟು ಅದನ್ನೇ ಹಿಂದಿನಿಂದ ಮುಂದಕ್ಕೆ ಹೊರಿಸುತ್ತಿದ್ದ. ಒಮ್ಮೆ ದಪ್ಪ ಮೀನು ವ್ಯಾಪಾರಿಯೊಬ್ಬನನ್ನು ಮುಕ್ಕಾಲು ಗಂಟೆ ಒಂಟಿ ಕಾಲಲ್ಲಿ ನಿಲ್ಲಿಸಿದ್ದ. ನೀರು ಬಂದು ದೋಣಿ ಎದ್ದಾಗ ಆ ವ್ಯಾಪಾರಿ ತನ್ನ ಕಾಲಿನ ಮಹಿಮೆಯೇ ಎಂದುಕೊಂಡು ಮಾವನನ್ನು ತಬ್ಬಿಕೊಂಡ. ಗುಟ್ಟು ರಟ್ಟಾದರೆ ಹೊಟ್ಟೆಪಾಡು ಮಣ್ಣುಪಾಲು ಎಂಬ ಹೆದರಿಕೆಯಿಂದ ಮಾವ ಇದನ್ನು ಹೆಂಡತಿಗೂ ಹೇಳಿರಲಿಲ್ಲ.

ಇಂಥ ಮಾವ ಒಂದು ದಿನ ತಾನೇ ದಿಬ್ಬ ಹತ್ತಿದ.

ಹೆಂಡತಿಯ ತಂಗಿ ಆಚೆ ದಡದಲ್ಲಿ ಹೊಸ ಮನೆ ಮಾಡಿದ್ದಳು. ಅವಳಿಗೆ ಕೊಡಲೆಂದು ಕೊಂಡ ಎರಡು ಬಾಗಿಲಿನ ಕಬ್ಬಿಣದ ಬೀರುವನ್ನು ಮಾವನ ದೋಣಿಗೆ ಏರಿಸಲಾಯಿತು. ಮಲಗಿಸಿದರೆ ಬಾಗಿಲು ಸೊಟ್ಟಗಾಗುತ್ತದೆ ಎಂದು ಹೆಂಡತಿ ಹಟ ಹಿಡಿದು, ಅದನ್ನು ನಡುವೆ ನೆಟ್ಟಗೆ ನಿಲ್ಲಿಸಿ ನಾಲ್ಕು ಕಡೆಯಿಂದ ಕಟ್ಟಿಸಿದಳು. ಬೀರುವಿನ ಬಾಗಿಲಲ್ಲಿ ಆಳೆತ್ತರದ ಕನ್ನಡಿ. ಕನ್ನಡಿಯ ಮುಖ ಚುಕ್ಕಾಣಿಯ ಕಡೆಗೆ.

ಚುಕ್ಕಾಣಿ ಹಿಡಿದ ತನ್ನನ್ನು ಮಾವ ಹುಟ್ಟಿದಾಗಿನಿಂದ ನೋಡಿರಲಿಲ್ಲ. ಪರವಾಗಿಲ್ಲವೇ, ಎನ್ನಿಸಿತು. ಎದೆ ಸ್ವಲ್ಪ ಉಬ್ಬಿಸಿದ. ಎಡ ಮೀಸೆ ಬಲ ಮೀಸೆಗಿಂತ ತುಸು ಕೆಳಗಿದ್ದಂತೆ ಕಂಡು ಅದನ್ನು ತಿದ್ದಿದ. ಎಡಗಡೆಯಿಂದ ಹೇಗೆ ಕಾಣುತ್ತೇನೆ ಎಂದು ಬಲಕ್ಕೆ ತಿರುಗಿದಾಗ ಚುಕ್ಕಾಣಿಯೂ ಜೊತೆಗೆ ತಿರುಗಿತು. ದೋಣಿಯ ತಳದಿಂದ ಸರ್ರ್ ಎಂಬ ಸದ್ದು ಬಂತು. ಆ ಸದ್ದು ಮಾವನಿಗೆ ಚೆನ್ನಾಗಿ ಗೊತ್ತು. ಆದರೆ ಅಲ್ಲಿಯವರೆಗೆ ಅದನ್ನು ಬೇರೆಯವರ ಬಾಯಿಂದ ಮಾತ್ರ ಕೇಳಿದ್ದ. ಆಗ ಬೆಳಗಿನ ಒಂಬತ್ತು ಗಂಟೆ, ನೀರು ಇಳಿಯುತ್ತಿತ್ತು.

"ಏನ್ರೀ ಅದು?" ಎಂದಳು ಹೆಂಡತಿ.

"ಏನಿಲ್ಲ. ಸುಮ್ಮನೆ ನಿಲ್ಲಿಸಿದೆ."

"ನಡು ನೀರಲ್ಲಿ ಯಾಕೆ ನಿಲ್ಲಿಸಿದ್ರಿ?"

ಮಾವ ಬಗ್ಗಿ ನೀರು ನೋಡಿದ. ಅವನ ತಲೆಯಲ್ಲಿ ಇದ್ದದ್ದು ಒಂದೇ, ಮಧ್ಯಾಹ್ನ ಒಂದು ಗಂಟೆಗೆ ಜನರನ್ನು ದಾಟಿಸುವ ಲಾಂಚು. ಊರಿಗೆ ಊರೇ ಆ ಲಾಂಚಿನಲ್ಲಿ ಇದೇ ದಾರಿಯಲ್ಲಿ ಹೋಗುತ್ತದೆ. ನೀರು ಇವನನ್ನು ಎತ್ತುವುದು ಮೂರು ಗಂಟೆಗೆ. ಇವನು ಇಲ್ಲಿ ಕೂತಿರುವುದನ್ನೂ, ಆಮೇಲೆ ಏನೂ ಮಾಡದೆ ತೇಲಿ ಹೋಗುವುದನ್ನೂ ಜನ ನೋಡಿದರೆ ಮೂವತ್ತು ವರ್ಷದ ಹೆಸರು ಅದೇ ನೀರಿನಲ್ಲಿ ಹೋಮ.

ಊರಿಗೆಲ್ಲ ತಡೀರಿ ಎಂದವನಿಗೆ ತಡೆಯಲಾಗಲಿಲ್ಲ. ಯಾವುದನ್ನು ಮಾಡಬೇಡಿ ಎಂದು ಇಷ್ಟು ವರ್ಷ ಕೂಗಿಕೊಂಡಿದ್ದನೋ ಅದನ್ನೆಲ್ಲ ಒಂದೊಂದಾಗಿ ಮಾಡಿದ. ಇಂಜಿನ್ನನ್ನು ಪೂರಾ ಜೋರು ಮಾಡಿದಾಗ ಅದರ ನೀರೊಳಗಿನ ಫ್ಯಾನು ಮರಳು ಬಗೆದು ದೋಣಿಗೆ ಒಂದು ಒಳ್ಳೆಯ ಗುಂಡಿ ತೋಡಿಕೊಟ್ಟಿತು. ಇಳಿದು ಹೆಗಲು ಕೊಟ್ಟು ನೂಕಿದ. ದೋಣಿ ಅಲ್ಲೇ ಇತ್ತು, ಮಾವ ಹಿಂದಕ್ಕೆ ಜಾರಿದ. ಹಗ್ಗ ಕಟ್ಟಿ ಹೆಗಲ ಮೇಲೆ ಹಾಕಿ ಎಳೆದ. ಹಗ್ಗ ಕಿತ್ತು ಬಂದು ಬೋರಲು ಬಿದ್ದ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರೆ. ಇಲ್ಲಿ ಮೀಸೆಯೂ ಮಣ್ಣಾಯಿತು.

ಮಧ್ಯಾಹ್ನದ ಹೊತ್ತಿಗೆ ನೀರೆಲ್ಲ ಇಳಿದು, ಒಣ ದಿಬ್ಬದ ಇಳಿಜಾರಿನಲ್ಲಿ ದೋಣಿ, ದೋಣಿಯ ನಡುವೆ ಬೀರು, ಬೀರುವಿನ ನೆರಳಿನಲ್ಲಿ ಹೆಂಡತಿ. ಅವಳು ಡಬ್ಬಿ ಬಿಚ್ಚಿ ಊಟ ಮುಗಿಸಿ, ಕೈ ಒರೆಸಿಕೊಂಡು ಕೇಳಿದಳು:

"ಅಲ್ರೀ, ಲಂಗರು ಹಾಕೋದಿಲ್ವಾ?"

ಮಾವ ಹಣೆ ಚಚ್ಚಿಕೊಂಡ. ಇರುವ ಎರಡು ಕೆಲಸದಲ್ಲಿ ಒಂದನ್ನು ಮರೆತಿದ್ದ! ಅವತ್ತಿನದು ತಿಂಗಳ ದೊಡ್ಡ ಉಬ್ಬರ. ದಿಬ್ಬದ ಮೇಲ್ತುದಿಗೆ ಹೋಗಿ ಕೂತರೆ ಮತ್ತೆ ಹದಿನೈದು ದಿನ ಆ ಎತ್ತರಕ್ಕೆ ದೋಣಿ ಎತ್ತುವಷ್ಟು ನೀರೇ ಬರುವುದಿಲ್ಲ. ಲಂಗರನ್ನು ಹೆಗಲಿಗೇರಿಸಿ ಆಳದ ಕಡೆಗೆ ಓಡಿ, ಹೂತು, ಹಗ್ಗ ಬಿಗಿದು ಬರುವಷ್ಟರಲ್ಲಿ ದೂರದಲ್ಲಿ ಲಾಂಚಿನ ಹಾರ್ನ್ ಕೇಳಿತು.

ಮಾವ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಅಡಗಲು ಮರಳಿನ ಮೇಲೆ ಒಂದು ಪೊದೆಯೂ ಇರಲಿಲ್ಲ. ದೋಣಿ ಹತ್ತಿ ಬೀರುವಿನ ಬಾಗಿಲು ತೆಗೆದು ಒಳಗೆ ನಿಂತ.

"ನಾನಿಲ್ಲ ಅಂತ ಹೇಳು" ಎಂದು ಬಾಗಿಲೆಳೆದುಕೊಂಡ.

ಲಾಂಚು ನಡೆಸುವವನನ್ನು ಊರವರು ಗಡಿಯಾರ ಎನ್ನುತ್ತಿದ್ದರು. ಒಂದು ನಿಮಿಷ ತಡ ಮಾಡಿದವನಲ್ಲ. ಲಾಂಚು ಹತ್ತಿರ ಬರುವಷ್ಟರಲ್ಲಿ ಏರುವ ನೀರು ದಿಬ್ಬವನ್ನು ತೆಳ್ಳಗೆ ಮುಚ್ಚಿತ್ತು. ಅವನ ಕಣ್ಣಿಗೆ ಮೊದಲು ಬಿದ್ದದ್ದು ಕನ್ನಡಿಯ ಹೊಳಪು, ಆಮೇಲೆ ಮಾವನ ದೋಣಿಯ ಹಳದಿ ಮೂತಿ. ಮಾವನ ದೋಣಿ ಇರುವ ಕಡೆ ಆಳವಿರುತ್ತದೆ ಎಂದು ಆ ಊರಿನಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಮರಳು ಸರಿದು ದಾರಿ ಬದಲಾಗಿದೆ ಎಂದುಕೊಂಡ ಗಡಿಯಾರ, ಅರುವತ್ತು ಜನರ ಸಮೇತ ಲಾಂಚನ್ನು ಅತ್ತ ತಿರುಗಿಸಿದ. ಸರ್ರ್ ಎಂದಿತು. ದೋಣಿಯಿಂದ ನಲವತ್ತು ಮಾರು ದೂರದಲ್ಲಿ ಲಾಂಚು ನಿಂತಿತು.

"ಅತ್ತೇ! ಮಾವ ಎಲ್ಲಿ?" ಎಂದು ಗಡಿಯಾರ ಕೂಗಿದ.

ಹೆಂಡತಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಬೀರು ಒಳಗಿದಾರೆ" ಎಂದು ಎದ್ದು ಬಾಗಿಲು ತೆಗೆದಳು.

ಅರುವತ್ತು ಜನ ನೋಡಿದರು. ಮೇಲಿನ ಹಲಗೆಗೆ ತಲೆ ತಾಗದಂತೆ ಕತ್ತು ಓರೆ ಮಾಡಿ, ಮೀಸೆ ತುಂಬ ಮರಳಿನೊಂದಿಗೆ ಮಾವ ನಿಂತಿದ್ದ.

"ಬೀರು ಗಟ್ಟಿ ಇದೆಯಾ ಅಂತ ನೋಡ್ತಿದ್ದೆ" ಎಂದ.

"ಗಟ್ಟಿ ಇದೆಯಾ?" ಎಂದ ಗಡಿಯಾರ.

"ಇದೆ."

ಯಾರೋ ಲಾಂಚಿನಿಂದ ಕೂಗಿದರು: "ಮಾವಾ, ನಾವೂ ಸಿಕ್ಕಿಹಾಕಿಕೊಂಡ್ವಿ. ಬಂದು ಶುರು ಮಾಡಿ!"

ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು. ಮಾವನಿಗೆ ನಾಚಿಕೆ, ಸಿಟ್ಟು, ಹಸಿವು ಮೂರೂ ಒಟ್ಟಿಗೆ ಬಂದು ಬಾಯಿ ಬಿಚ್ಚಿಕೊಂಡಿತು.

"ಏನ್ರಯ್ಯ ಶುರು ಮಾಡೋದು? ನನ್ನ ಕೈಲಿ ಏನೂ ಇಲ್ಲ! ಯಾವತ್ತೂ ಇರಲಿಲ್ಲ! ಲಂಗರು ಹಾಕಿ ಸುಮ್ಮನೆ ಕೂತ್ರೆ ನೀರೇ ಬಂದು ಎತ್ತುತ್ತೆ. ತಟ್ಟಿದ್ದು, ನೆಕ್ಕಿದ್ದು, ಒಂಟಿ ಕಾಲು, ಎಲ್ಲಾ ಸುಳ್ಳು!"

ಹೇಳಿದ ಮೇಲೆ ಬೀರುವಿನ ಕೆಳಗಿನ ಅಂಚಿನ ಮೇಲೆ ಕೂತುಬಿಟ್ಟ. ಕಸುಬು ಮುಗಿಯಿತು, ಇನ್ನು ಈ ಮುಖ ಹೊತ್ತುಕೊಂಡು ಯಾವ ದಡಕ್ಕೆ ಹೋಗಲಿ ಎಂದು ಅವನಿಗೆ ಅಳುವೇ ಬಂತು.

ಗಡಿಯಾರ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅದು ಯಾರಿಗೆ ಗೊತ್ತಿಲ್ಲ ಮಾವ? ನೀರಿನ ಏರಿಳಿತ ನೋಡಿಕೊಂಡೇ ದಿನಾ ಲಾಂಚು ಬಿಡೋನು ನಾನು."

"ಗೊತ್ತಾ?"

"ನಮಗೆಲ್ಲಾ ಗೊತ್ತು!" ಎಂದಿತು ಲಾಂಚು. ಒಂಟಿ ಕಾಲಿನ ಮೀನು ವ್ಯಾಪಾರಿಯೂ ಅದರಲ್ಲಿದ್ದ. ಅವನ ಮುಖ ಮಾತ್ರ ಸ್ವಲ್ಪ ಪೆಚ್ಚಾಯಿತು.

"ಮತ್ತೆ ನನ್ನ ಯಾಕೆ ಕರೀತಿದ್ರಿ?"

"ಇನ್ನೇನು ಮಾಡೋದು ಮಾವ? ಐದು ತಾಸು ನಡು ನೀರಲ್ಲಿ ಒಬ್ಬನೇ ಕೂತ್ರೆ ತಲೆ ಕೆಟ್ಟುಹೋಗುತ್ತೆ. ಮನೇಲಿ ಏನಂತಾರೋ, ದೋಣಿ ಉಳಿಯುತ್ತೋ ಇಲ್ವೋ ಅನ್ನೋ ಯೋಚನೇನೇ ತಿನ್ನುತ್ತೆ. ನೀವು ಬಂದು ಅದು ಹೊರು ಇದು ಹೊರು ಅಂದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ. ಇನ್ನೂ ಒಂದೂವರೆ ತಾಸಿದೆ. ಬನ್ನಿ ಬನ್ನಿ" ಎಂದ ಗಡಿಯಾರ.

ಮಾವ ಕಣ್ಣೊರೆಸಿಕೊಂಡ. ಮೊಣಕಾಲುದ್ದ ನೀರಿನಲ್ಲಿ ಲಾಂಚಿನ ತನಕ ನಡೆದು, ಮೊದಲು ಅದರ ಲಂಗರನ್ನು ಆಳಕ್ಕೆ ಹಾಕಿಸಿದ. ಆಮೇಲೆ ಲಾಂಚಿನ ಹೊಟ್ಟೆಗೆ ಕಿವಿಯಿಟ್ಟ. ಅರುವತ್ತು ಜನ ಉಸಿರು ಹಿಡಿದರು.

"ಒಪ್ಪಿಲ್ಲ" ಎಂದ ಮಾವ. "ಗಡಿಯಾರದ ಮುಖ ನೋಡಿ ಬೇಜಾರಾಗಿದೆಯಂತೆ. ಅವನು ಬೆನ್ನು ತಿರುಗಿಸಿ ನಿಲ್ಲಲಿ. ಕನ್ನಡಕದವರೆಲ್ಲ ಎಡಕ್ಕೆ, ಬೋಳುತಲೆಯವರೆಲ್ಲ ಬಲಕ್ಕೆ!"

ಇಬ್ಬರು ಕನ್ನಡಕವೂ ಇದ್ದ ಬೋಳುತಲೆಯವರಿದ್ದರು. ಅವರು ಎತ್ತ ಹೋಗಬೇಕೆಂಬುದರ ಮೇಲೆ ಅರ್ಧ ಗಂಟೆ ಜಗಳವಾಯಿತು. ಹೆಂಡತಿ ದೋಣಿಯಲ್ಲಿ ಕೂತು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಮಾವ ಅವಳ ನಗುವನ್ನು ನೋಡಿ ಇನ್ನಷ್ಟು ಹುಚ್ಚು ಹುಚ್ಚಾಗಿ ಕುಣಿದ. ಆ ಗಲಾಟೆಯಲ್ಲಿ ಲಾಂಚು ಯಾವಾಗ ಎದ್ದಿತೋ ಯಾರೂ ಗಮನಿಸಲಿಲ್ಲ.

ದೋಣಿಯೂ ತೇಲಿತು. ಚುಕ್ಕಾಣಿ ಹಿಡಿದು ಆಚೆ ದಡಕ್ಕೆ ತಿರುಗಿಸುವಾಗ ಮಾವ ಕನ್ನಡಿ ನೋಡಲಿಲ್ಲ, ಹೆಂಡತಿಯನ್ನು ನೋಡಿದ. ಅವಳ ನಗು ನಿಂತಿತ್ತು.

"ಮೂವತ್ತು ವರ್ಷ ಇದನ್ನೆಲ್ಲ ಊರವರಿಗೆ ಮಾಡಿ ತೋರಿಸಿದ್ರಾ?" ಎಂದಳು. "ಮನೆಗೆ ಬಂದ್ರೆ ಗೋಡೆ ನೋಡ್ಕೊಂಡು ಕೂತಿರ್ತಿದ್ರಿ. ನಾನೂ ಒಬ್ಬಳೇ ಕೂತಿರ್ತಿದ್ದೆ."

ಮಾವ ಚುಕ್ಕಾಣಿಯ ಪಕ್ಕ ಕೂತಿದ್ದ ಅವಳ ಕಡೆಗೆ ಬಗ್ಗಿ, ಭುಜಕ್ಕೆ ಕಿವಿಯಿಟ್ಟು, ಬೆರಳಿನಿಂದ ಮೆಲ್ಲಗೆ ಎರಡು ಸಲ ತಟ್ಟಿದ.

"ಮುಂದೆ ನೋಡಿ ದೋಣಿ ಬಿಡ್ರಿ" ಎಂದಳು ಅವಳು. ಆದರೆ ಭುಜ ಸರಿಸಲಿಲ್ಲ.