ಎಣ್ಣೆಯಲ್ಲಿ ಸಿಗದ ಬೀಜ

ಅವರ ಬಲಗೈ ಹೆಬ್ಬೆರಳಿನ ಉಗುರು ಯಾವಾಗಲೂ ಕಂದು ಬಣ್ಣಕ್ಕಿರುತ್ತಿತ್ತು. ಅಯೋಡಿನ್ ಕಲೆ. ಅಯೋಡಿನ್ ಸೀಸೆ ಜೇಬಿನಲ್ಲಿಲ್ಲದೆ ನಮ್ಮ ಸೈನ್ಸ್ ಮಾಸ್ತರರು ಮಸ್ಕಿ ಪ್ಯಾಟಿಯಲ್ಲಿ ಕಾಲಿಟ್ಟದ್ದನ್ನು ನಾನು ನೋಡಿಲ್ಲ. ಕೂತಲ್ಲಿ ಕೂರದ ಮನುಷ್ಯ. ಮುದಗಲ್ಲಿನ ಮದುವೆಯೊಂದರಲ್ಲಿ ಎಲೆಗೆ ಬಡಿಸಿದ ಪೇಡೆಯ ಮೇಲೆ ಒಂದು ಹನಿ ಬಿಟ್ಟರು. ಅದು ನೀಲಿಯಾಯಿತು. ಹಿಟ್ಟು ಬೆರೆಸಿದ್ದಾರೆಂದು ಪಂಕ್ತಿಯಲ್ಲೇ ಹೇಳಿಬಿಟ್ಟರು. ಆಮೇಲೆ ಅವರನ್ನು ಮದುವೆಗೆ ಕರೆಯುವವರು ಕಡಿಮೆಯಾದರು. ಆದರೆ ಅವರು ಚೊಲೋ ಐತಿ ಅಂದ ಅಂಗಡಿಗೆ ಜನ ಕಣ್ಣು ಮುಚ್ಚಿ ಹೋಗುತ್ತಿದ್ದರು.

ನಮ್ಮವ್ವನ ಮಿರ್ಚಿ ಭಜಿ ಬಂಡಿ ನಡೆದದ್ದೂ ಆ ಮಾತಿನ ಮೇಲೆಯೇ. ಅಪ್ಪ ಇಲ್ಲದ ನಮ್ಮ ಮನೆಗೆ ಬೇರೆ ಆಧಾರವಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಸುದ್ದಿ ಎದ್ದಿತು: ಸಿಂಧನೂರು ಕಡೆ ಹೊಸ ನಮೂನೆಯ ಹತ್ತಿ ಬಿತ್ತಿ ನೋಡುತ್ತಿದ್ದಾರೆ, ಅದರ ಬೀಜದೊಳಗೆ ಬೇರೆ ಜೀವದ ಗುಣ ಸೇರಿಸಿದ್ದಾರೆ, ಅದರ ಎಣ್ಣೆ ಪ್ಯಾಟಿಗೂ ಬಂದಿದೆ ಎಂದು. ಅವ್ವ ಕರಿಯುತ್ತಿದ್ದುದು ಹತ್ತಿಕಾಳಿನ ಎಣ್ಣೆಯಲ್ಲೇ. ನೋಡನೋಡುತ್ತ ಬಂಡಿಯ ಮುಂದೆ ನೊಣ ಹೊಡೆಯುವಂತಾಯಿತು. ಅವ್ವ ಎಣ್ಣೆಯ ಬಾಟಲಿ ಒಯ್ದು ಮಾಸ್ತರರ ಮುಂದಿಟ್ಟಳು.

ಅವರು ಕಾಸಿದರು, ಮೂಸಿದರು, ನಾಲಿಗೆಗೆ ಹಚ್ಚಿಕೊಂಡರು. ಅಯೋಡಿನ್ ಇದಕ್ಕೆ ಯಾವ ಮೂಲೆಗೂ ಸಾಲದು. ಪಾಠದ ನಡುವೆಯೂ ಬಾಟಲಿ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದರು. ಕೊನೆಗೆ ಬಸ್ಸು ಹತ್ತಿ ದೂರದ ದೊಡ್ಡ ಪ್ರಯೋಗಾಲಯವೊಂದಕ್ಕೆ ಹೋದರು. ಇಷ್ಟು ಸೋಸಿದ ಎಣ್ಣೆಯೊಳಗೆ ಬೀಜದ ಗುರುತೇ ಉಳಿದಿರುವುದಿಲ್ಲ, ಬೀಜವಿದ್ದರೆ ತನ್ನಿ ಅಂದರಂತೆ ಅಲ್ಲಿಯವರು. ಅಂಗಡಿಯ ಎಣ್ಣೆ ಯಾವ ಬೀಜದ್ದೆಂದು ಯಾರಿಗೆ ಗೊತ್ತು?

ಸಂತೆಯ ದಿನ ಮಾಸ್ತರರು ಬಂಡಿಯ ಮುಂದೆ ಬಂದು ನಿಂತರು. ಜನ ಕೂಡಿದರು.

"ಇಲ್ಲ ಅಂತ ಒಂದ್ ಮಾತ ಅಂದುಬಿಡ್ರೀ ಸರ್, ನೀವಂದ್ರ ಮಂದಿ ನಂಬ್ತಾರ," ಅಂದಳು ಅವ್ವ.

"ನನಗ ಸಿಗಲಿಲ್ಲ ತಂಗಿ. ಸಿಗಲಿಲ್ಲ ಅಂದ್ರ ಇಲ್ಲ ಅಂದಂಗ ಅಲ್ಲ."

ಜನ ಚದುರಿದರು. ಅವ್ವ ಅವರ ಮುಖ ನೋಡದೆ ಒಲೆ ಆರಿಸಿದಳು. ನನಗೂ ಮೈ ಉರಿದುಹೋಯಿತು. ಒಂದು ಸುಳ್ಳು ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮರುದಿನ ಮಾಸ್ತರರು ಪಾಮನಕಲ್ಲೂರಿನಿಂದ ಸೈಕಲ್ಲಿನ ಮೇಲೆ, ಹೊಸ ನಮೂನೆಯ ಸುದ್ದಿಯೇ ಇಲ್ಲದ ಕುಸುಬಿ ಕಾಳಿನ ಚೀಲ ಹೇರಿಕೊಂಡು ಬಂದರು. ಮುಖ ತಿರುಗಿಸಿ ನಿಂತ ಅವ್ವನನ್ನೂ, ಭಜಿ ತಿನ್ನುವುದು ಬಿಟ್ಟ ನಾಲ್ಕು ಜನರನ್ನೂ ಗಾಣಕ್ಕೆ ಕರೆದೊಯ್ದು ಕಣ್ಣೆದುರಿಗೇ ಹಿಂಡಿಸಿದರು. ಎಣ್ಣೆ ತುಟ್ಟಿಯಾಯಿತು, ಭಜಿ ಸಣ್ಣದಾಯಿತು, ಬಂಡಿ ಉಳಿಯಿತು. ಉಳಿಸಿದ್ದು ಕುಸುಬಿ, ಮಾಸ್ತರಲ್ಲ ಎಂದು ಅವ್ವ ಬಹಳ ವರ್ಷ ಅನ್ನುತ್ತಿದ್ದಳು. ಅವರು ತೀರಿಕೊಂಡ ದಿನ ಮಾತ್ರ ಅವಳು ಬಂಡಿ ಹಚ್ಚಲಿಲ್ಲ.

ನಾನೀಗ ಪ್ರಯೋಗಾಲಯದಲ್ಲಿ ಪೊಟ್ಟಣದ ತಿಂಡಿಗಳಲ್ಲಿ ಅಂಥದೇ ಬೀಜದ ಗುರುತು ಹುಡುಕುತ್ತೇನೆ. ಇಲ್ಲ ಅಂತ ಬರೆದುಕೊಡಿ ಎಂದು ದುಂಬಾಲು ಬೀಳುವವರಿದ್ದಾರೆ. ಸಿಗಲಿಲ್ಲ ಎಂದಷ್ಟೇ ಬರೆಯುತ್ತೇನೆ. ಬರೆದ ಮೇಲೂ ಕೂತಿರಲಾಗದೆ ಎದ್ದು ಹೋಗಿ, ಪರೀಕ್ಷೆಗೆ ಅರೆದ ಅದೇ ತಿಂಡಿಯ ಪುಡಿಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿಯುತ್ತೇನೆ.