ಮನೆಗಾಡಿಯೊಳಗೆ ಮಲಗಿರುವ ಗಂಡ

ಆರ್ಡಿಸಳ ವಿಷಯ ಹೇಳಬೇಕೆಂದರೆ ಮೊದಲು ಆ ಬೂಟುಗಳಿಂದಲೇ ಶುರು ಮಾಡಬೇಕು. ಹದಿಮೂರನೇ ನಂಬರಿನ ಬೂಟುಗಳು, ಒಂದೊಂದರಲ್ಲೂ ಒಂದು ಬೆಕ್ಕು ಆರಾಮಾಗಿ ಮಲಗಬಹುದಾದಷ್ಟು ದೊಡ್ಡವು. ಅವು ಅವಳ ಗಂಡ ಓರಿನ್‌ನವು. ಓರಿನ್ ಕಳೆದ ನವೆಂಬರಿನಲ್ಲಿ ಕನ್ನಡಿ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದವನು ಅರ್ಧಕ್ಕೇ ಕುಸಿದು, ಹೋಗಿಯೇಬಿಟ್ಟ. ಉಳಿದರ್ಧ ಗಡ್ಡವನ್ನು ಆರ್ಡಿಸಳೇ ಹೆರೆದು ಕಳಿಸಿಕೊಟ್ಟಳು. ಬೇರೆ ಯಾರೂ ಮುಟ್ಟಕೂಡದು ಎಂದು ಹಟ ಹಿಡಿದಿದ್ದಳಂತೆ ಪಾಪ.

ನಾರ್ತ್ ಡಕೋಟಾದ ಅವರ ಊರು ಎಷ್ಟು ಚಿಕ್ಕದೆಂದರೆ ಸುದ್ದಿಯನ್ನು ಯಾರಿಗೂ ಹೇಳಬೇಕಾಗಲೇ ಇಲ್ಲ. ಮಧ್ಯಾಹ್ನದೊಳಗೆ ಎಲ್ಲರೂ ಅವರವರೇ ಬಂದು, ಅಪ್ಪಿಕೊಂಡು, ಹಂದಿಮಾಂಸದ ಸ್ಯಾಂಡ್‌ವಿಚ್ಚು ಇಟ್ಟು ಹೋದರು. ದೂರದವರಿಗೆಲ್ಲ ಫೋನು ಮಾಡಿದ್ದು ಮಗಳು ಜೋಲೀನ್. ಹೀಗಾಗಿ 'ನನ್ನ ಗಂಡ ಸತ್ತುಹೋದ' ಎನ್ನುವ ಒಂದು ಮಾತನ್ನು ಆರ್ಡಿಸ್ ತನ್ನ ಬಾಯಲ್ಲಿ ಒಂದು ಸಲವೂ ಆಡಿರಲಿಲ್ಲ. ಆಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೆ. ಬಂದಿದ್ದರೆ ಆಗುತ್ತಿತ್ತೋ ಇಲ್ಲವೋ ಗೊತ್ತಾಗುತ್ತಿತ್ತು.

ಜುಲೈ ಬಂತು. ಇಪ್ಪತ್ತಾರು ವರ್ಷ ಜುಲೈ ತಿಂಗಳೆಂದರೆ ಅವರಿಬ್ಬರೂ ಒಳಗೇ ಹಾಸಿಗೆ, ಒಲೆ ಇರುವ ತಮ್ಮ ಮನೆಗಾಡಿ ಹತ್ತಿ ಮೊಂಟಾನಾದ ಟೀಕೆಟಲ್ ಹೊಳೆಗೆ ಹೋಗುವುದು. ಅವನು ನೀರಲ್ಲಿ ನಿಂತು ಟ್ರೌಟ್ ಮೀನಿಗೆ ಗಾಳ ಎಸೆಯುವುದು, ಅವಳು ದಡದಲ್ಲಿ ಮಡಚು ಕುರ್ಚಿ ಹಾಕಿಕೊಂಡು ಕ್ರೋಶಾ ಹೆಣೆಯುವುದು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ಹಾಕಿದವಳು, ಅವಳಿಗೆ ರಜೆ ಎಂದರೆ ಕೂತುಕೊಳ್ಳುವುದು. ಸಂಜೆ ಅವನು ತಂದ ಎರಡೇ ಎರಡು ಮೀನನ್ನು ಜೋಳದ ಹಿಟ್ಟಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಹುರಿಯುತ್ತಿದ್ದಳು. ಮಿಕ್ಕ ಮೀನುಗಳನ್ನೆಲ್ಲ ಓರಿನ್ ಹಿಡಿದ ಹಾಗೇ ನೀರಿಗೆ ಬಿಟ್ಟುಬರುತ್ತಿದ್ದ. ಇಷ್ಟು ವರ್ಷದಲ್ಲಿ ಅವಳು ಗಾಳದ ಕೋಲನ್ನು ಹಿಡಿದದ್ದು ಅವನು ಪೊದೆಯ ಹಿಂದೆ ಹೋದಾಗ ಮಾತ್ರ.

ಈ ಸಲ ಒಬ್ಬಳೇ ಹೊರಟಳು. ಜೋಲೀನ್ ತಡೆದು ನೋಡಿದಳು, ಆಗಲಿಲ್ಲ. "ಅಮ್ಮಾ, ಹೋಗ್ಲೇಬೇಕು ಅಂದ್ರೆ ಹೋಗು. ಆದ್ರೆ ಅಪ್ಪನ ಬೂಟು ತಗೊಂಡ್ಹೋಗಿ ಬಾಗಿಲ ಹೊರಗಿಡು. ಕುರ್ಚಿ ಎರಡು ಹಾಕು. ಒಬ್ಬೊಬ್ಳೇ ಓಡಾಡೋ ಹೆಂಗಸರೆಲ್ಲ ಹಾಗೇ ಮಾಡ್ತಾರಂತೆ. ಒಳಗೆ ಗಂಡಸಿದ್ದಾನೆ ಅಂತ ಕಳ್ಳಕಾಕರು ಅಂದ್ಕೋಬೇಕು."

"ಕಳ್ಳ ಬಂದ್ರೆ ಏನ್ ಕದೀತಾನೆ ನನ್ ಹತ್ರ, ಕ್ರೋಶಾ ಕಡ್ಡೀನಾ?"

"ತಮಾಷೆ ಬೇಡಮ್ಮಾ. ಇಡ್ತೀನಿ ಅಂತ ಹೇಳು."

ಇಟ್ಟಳು. ಇಟ್ಟು ಸುಮ್ಮನಿರಬೇಕಿತ್ತು, ಆದರೆ ಅವಳ ಕೈ ಸುಮ್ಮನಿರುವ ಕೈಯಲ್ಲ. ಬೆಳಿಗ್ಗೆ ಎದ್ದು ಬೂಟುಗಳನ್ನು ಒಂದಿಷ್ಟು ಸರಿಸುವಳು, ಯಾರೋ ಹಾಕಿಕೊಂಡು ಬಿಚ್ಚಿಟ್ಟ ಹಾಗೆ. ಮಳೆ ಬಂದರೆ ಗಾಡಿಯ ಅಡಿಗೆ ತಳ್ಳುವಳು. ದಾರಿಯಲ್ಲಿ ಗಾಡಿ ನಿಲ್ಲಿಸಿದ ಮೊದಲನೇ ಕ್ಯಾಂಪಿನಲ್ಲಿ ಪಕ್ಕದವರು "ನಿಮ್ಮ ಯಜಮಾನ್ರೆಲ್ಲಿ?" ಎಂದು ಕೇಳಿದಾಗ ಬಾಯಿ ತನ್ನಷ್ಟಕ್ಕೆ ತಾನೇ "ಹೊಟ್ಟೆ ಸರಿಯಿಲ್ಲ, ಮಲಗಿದ್ದಾರೆ" ಎಂದಿತು. ಎರಡನೇ ಕ್ಯಾಂಪಿನಲ್ಲಿ ಯಜಮಾನರಿಗೆ ಸೊಂಟ ಹಿಡಿಯಿತು. ಅಲ್ಲೊಬ್ಬ ಪುಣ್ಯಾತ್ಮ ಸೊಂಟಕ್ಕೆ ತಿಕ್ಕಲು ಮುಲಾಮು ಹಿಡಿದುಕೊಂಡು ಬಾಗಿಲಿಗೇ ಬಂದ. ಆರ್ಡಿಸ್ ಮಾರನೇ ದಿನ ಬೆಳಕು ಹರಿಯುತ್ತಲೂ ಗಾಡಿ ಎಬ್ಬಿಸಿಕೊಂಡು ಪರಾರಿ. ಮುಲಾಮಿನ ಡಬ್ಬಿಯನ್ನು ಅವನ ಮೇಜಿನ ಮೇಲೆ ಇಟ್ಟೇ ಬಂದಳು, ಅಷ್ಟು ಪ್ರಾಮಾಣಿಕಳು.

ಟೀಕೆಟಲ್ ಹೊಳೆಗೆ ಬಂದು ಮೂರು ದಿನವಾಗಿತ್ತು. ಇಲ್ಲಿ ಪಕ್ಕದ ಗಾಡಿಯಲ್ಲಿದ್ದವರು ಕ್ಲೀಟ್ ಮತ್ತವನ ಹೆಂಡತಿ ನೋರೀನ್, ಐಡಾಹೊ ಕಡೆಯವರು, ಎಪ್ಪತ್ತು ದಾಟಿದವರು. ಒಳ್ಳೆಯ ಜನ. ಒಳ್ಳೆಯ ಜನವೇ ಇಲ್ಲಿ ತಾಪತ್ರಯ. ಅವರಿಗೆ ಆರ್ಡಿಸ್, ತನ್ನ ಗಂಡನಿಗೆ ರಾತ್ರಿ ನಿದ್ದೆ ಬರುವುದಿಲ್ಲ, ಹಗಲೆಲ್ಲ ಮಲಗುತ್ತಾರೆ ಎಂದು ಹೇಳಿದ್ದಳು.

ಆ ದಿನ ಬೆಳಿಗ್ಗೆ ಅವಳು ಓರಿನ್‌ನ ಕೋಲು, ಗಾಳಕ್ಕೆ ಗರಿ ಸುತ್ತಿ ನೊಣದಂತೆ ಮಾಡಿದ ಅವನ ಗರಿನೊಣಗಳ ಡಬ್ಬಿ ತೆಗೆದುಕೊಂಡು ಹೊಳೆಗೆ ಇಳಿಯುತ್ತಿದ್ದಳು. ಕ್ಲೀಟ್ ಕಾಫಿ ಲೋಟ ಹಿಡಿದು ಅಡ್ಡ ಬಂದ.

"ಏನ್ರೀ, ಯಜಮಾನ್ರ ಕೋಲು ನೀವು ಹಾರಿಸ್ಕೊಂಡು ಹೊರಟ್ರಿ?"

"ಅವ್ರೇ ಹೋಗು ಅಂದ್ರು."

"ಮಲಗಿರೋರು ಹೇಗಂದ್ರು?"

"ಮಲಗೋಕ್ ಮುಂಚೆ ಅಂದ್ರು."

"ಏಯ್ ಕ್ಲೀಟ್, ಪೊಲೀಸ್ನೋರ ಥರ ಕೇಳ್ಬೇಡಪ್ಪಾ ನೀನು," ಎಂದು ನೋರೀನ್ ಒಳಗಿಂದಲೇ ಗದರಿದಳು.

ಕ್ಲೀಟ್ ಸ್ವರ ತಗ್ಗಿಸಿದ. "ಅಲ್ಲ ಕಣ್ರೀ, ನಾಳೆ ನಾವು ಹೊರಡ್ತೀವಿ. ಇಷ್ಟು ದೂರ ಬಂದು ಒಬ್ಬ ಮೀನುಗಾರನ ಮುಖ ನೋಡ್ದೆ ಹೋಗೋದಾ? ಮೇಲಿನ ತಿರುವಲ್ಲಿ ಸಂಜೆ ನೊಣ ಹಿಡಿಯೋಕೆ ಮೀನು ಮೇಲಕ್ಕೆ ಏಳ್ತವೆ. ಆರು ಗಂಟೆಗೆ ಬಂದು ಬಾಗಿಲು ತಟ್ತೀನಿ. ಎಬ್ಬಿಸಿಡಿ."

"ಏಳಲ್ಲ ಅವ್ರು."

"ನಾನು ತಟ್ಟಿದ್ರೆ ಏಳ್ತಾರೆ. ನನ್ನ ಕೈ ನೋಡಿಲ್ಲ ನೀವು."

ಇಡೀ ದಿನ ಅವಳ ಮುಂದೆ ಹೊಳೆ, ಹಿಂದೆ ಆ ಆರು ಗಂಟೆ.

ಅವಳಿಗೆ ಬಂದ ವಿದ್ಯೆಯೆಂದರೆ ಕುರ್ಚಿಯಲ್ಲಿ ಕೂತು ನೋಡಿದ್ದು ಮಾತ್ರ. ಓರಿನ್ ಎಸೆದರೆ ದಾರ ಗಾಳಿಯಲ್ಲಿ ಬಿಚ್ಚಿಕೊಂಡು, ಗರಿನೊಣ ನೀರ ಮೇಲೆ ಕೂತದ್ದೂ ಗೊತ್ತಾಗುತ್ತಿರಲಿಲ್ಲ. ಇವಳು ಎಸೆದರೆ ಬಟ್ಟೆ ಒಗೆದ ಹಾಗೆ ಸದ್ದು. ಎದುರು ದಡದ ಬೇರಿನ ನೆರಳಲ್ಲಿ ಎರಡು ಟ್ರೌಟುಗಳು ಪ್ರವಾಹಕ್ಕೆ ಮುಖ ಕೊಟ್ಟು ನಿಂತಿದ್ದವು. ಅವು ಹೆದರಲೂ ಇಲ್ಲ, ತಿರುಗಿ ನೋಡಲೂ ಇಲ್ಲ. ಡಬ್ಬಿಯಲ್ಲಿ ನೂರಾರು ಗರಿನೊಣ, ಕಂದು, ಬೂದಿ, ಕಿತ್ತಳೆ ಹೊಟ್ಟೆಯದು. ಯಾವುದನ್ನು ಯಾವಾಗ ಕಟ್ಟಬೇಕೆಂದು ಅವಳು ಒಂದು ದಿನವೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಬೇರೆ ಮಾತೇನು ಬಹಳ ಆಡುತ್ತಿದ್ದರೆಂದಲ್ಲ. ಕಾಫಿ ಇದೆಯಾ, ಮೋಡ ಕಟ್ತು ನೋಡು, ಇಂಥವು. ಅಂಥ ಮಾತೇ ಈಗ ಬೇಕಾಗಿತ್ತು ಅವಳಿಗೆ. ಮೋಡ ಕಟ್ಟಿದರೆ ಹೇಳಲು ಜನವಿಲ್ಲ.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಗರಿನೊಣ ಮರದ ಕೊಂಬೆಗೆ ಸಿಕ್ಕಿಕೊಂಡಿತು, ಎಳೆದಳು, ತುಂಡಾಯಿತು. ಮತ್ತೊಂದನ್ನು ಕಟ್ಟಲು ಸೂಜಿಯಂಥ ಗಾಳದ ಕಣ್ಣಿಗೆ ದಾರ ಪೋಣಿಸುವಷ್ಟರಲ್ಲಿ ಅರ್ಧ ಗಂಟೆ. ಇಷ್ಟು ಹೊತ್ತಿಗೆ ಶಾಲೆಯಲ್ಲಿ ಮುನ್ನೂರು ತಟ್ಟೆ ಮುಗಿಸುತ್ತಿದ್ದಳು.

ಮಧ್ಯಾಹ್ನ ಗಾಡಿಗೆ ಬಂದರೆ ಮೆಟ್ಟಿಲ ಮೇಲೆ ಎರಡು ತಟ್ಟೆ, ಬೆಟ್ಟದ ಹಕಲ್‌ಬೆರಿ ಹಣ್ಣು ಹಾಕಿ ಸುಟ್ಟ ಸಿಹಿ ಕಾಬ್ಲರ್, ಇನ್ನೂ ಬಿಸಿ. ನೋರೀನ್ ಚೀಟಿ ಬರೆದಿಟ್ಟಿದ್ದಳು, ದೊಡ್ಡ ತುಂಡು ನಿಮ್ಮ ಯಜಮಾನರಿಗೆ ಎಂದು. ಆರ್ಡಿಸ್ ಒಳಗೆ ಹೋಗಿ, ಪರದೆ ಎಳೆದು, ತನ್ನ ತುಂಡು ತಿಂದಳು. ಆಮೇಲೆ ಯಜಮಾನರದನ್ನೂ ತಿಂದಳು. ಬಿಸಾಡಿದರೆ ತೊಟ್ಟಿಯಲ್ಲಿ ಕಾಣುತ್ತದೆ, ಇಟ್ಟರೆ ಇರುವೆ. ಅಷ್ಟು ಸಿಹಿಯನ್ನು ಅಷ್ಟು ಸಂಕಟಪಟ್ಟು ತಿಂದವರು ಬೇರೆ ಯಾರೂ ಇರಲಾರರು. ತಟ್ಟೆ ತೊಳೆದು ಕೊಟ್ಟುಬರುವಾಗ ನೋರೀನ್ "ಅವ್ರಿಗೆ ಹಿಡಿಸ್ತಾ?" ಎಂದಳು. "ತುಂಬಾ," ಎಂದಳು ಇವಳು. ಹೊಟ್ಟೆ ಹಿಡಿದುಕೊಂಡಿತ್ತು.

ಮೂರು ಗಂಟೆಗೆ ಚಾಲಕನ ಸೀಟಿನಲ್ಲಿ ಕೂತು ಕೀಲಿಗೆ ಕೈ ಹಾಕಿದಳು. ಹೊರಟುಬಿಡಬಹುದಿತ್ತು, ಕುರ್ಚಿ ಮಡಚಿದರೆ ಆಯಿತು. ಆದರೆ ಹೋಗುವುದೆಲ್ಲಿಗೆ? ಹಿಂದಿನ ಕ್ಯಾಂಪು ಬಿಟ್ಟು ಓಡಿದ್ದು ಸರಿ, ಅದು ಯಾರದೋ ಜಾಗ. ಇದು ಅವರ ಹೊಳೆ. ಇಲ್ಲಿಂದಲೂ ಓಡಿದರೆ ಬರುವ ವರ್ಷ ಬರಲು ಮುಖವಿರುವುದಿಲ್ಲ. ಹಾಗಂತ ಬಾಗಿಲು ತೆರೆದು ಆ ಮಾತು ಹೇಳುವುದೇ? ಎಂಟು ತಿಂಗಳು ಹೇಳದ ಮಾತನ್ನು ಒಬ್ಬ ಪರಿಚಯವಿಲ್ಲದ ಮುದುಕನಿಗೆ ಹೇಳುವುದೇ? ಹೇಳುವವರೆಗೆ ಆ ಗಾಡಿಯಲ್ಲಿ ಇಬ್ಬರಿದ್ದರು, ನೋಡಿ. ಒಬ್ಬ ಮಲಗಿದ್ದ, ಅಷ್ಟೆ.

ಕೀಲಿ ತಿರುಗಿಸಲಿಲ್ಲ. ಕೂತೇ ಇದ್ದಳು, ಬಿಸಿಲು ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋಗುವವರೆಗೆ.

ಆರಕ್ಕೆ ಐದು ನಿಮಿಷ ಇರುವಾಗಲೇ ಕ್ಲೀಟ್ ಬಂದ, ಎದೆಮಟ್ಟದ ರಬ್ಬರ್ ಉಡುಪು ತೊಟ್ಟು, ಟೋಪಿ ತುಂಬ ಗರಿನೊಣ ಚುಚ್ಚಿಕೊಂಡು. ತಟ್ಟಿದ. ಒಳಗಿನ ಲೋಟಗಳೆಲ್ಲ ಗಲಗಲ ಎಂದವು.

ಆರ್ಡಿಸ್ ಬಾಗಿಲು ತೆರೆದಳು.

"ಎದ್ರಾ?"

"ಇಲ್ಲ. ಅವ್ರು..." ಎಂದಳು. ಮತ್ತೆ ಶುರು ಮಾಡಿದಳು. "ಅವ್ರಿಲ್ಲ. ನವೆಂಬರ್‌ನಲ್ಲಿ ಸತ್ತುಹೋದ್ರು. ನಾನೊಬ್ಳೇ ಬಂದಿರೋದು."

ಕ್ಲೀಟ್ ಬೂಟುಗಳನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖ ನಿಧಾನವಾಗಿ ಕೆಂಪಾಯಿತು.

"ನವೆಂಬರ್?"

"ಹೂಂ."

"ರೀ, ಮನುಷ್ಯ ಮಲಗಿದ್ದಾರೆ ಅಂತ ಮೂರು ದಿನದಿಂದ ನಾನು ಜನರೇಟರ್ ಹಾಕಿಲ್ಲ! ಟಿವಿ ಇಲ್ಲ, ಫ್ಯಾನಿಲ್ಲ. ನೋರೀನ್ ಬಿಸಿಲಲ್ಲಿ ನನ್ನ ಪ್ರಾಣ ತಿಂದಿದ್ದಾಳೆ. ಕೆಮ್ಮು ಬಂದ್ರೂ ಹೊಳೆ ಹತ್ರ ಹೋಗಿ ಕೆಮ್ಮಿ ಬಂದಿದೀನಿ ನಾನು!"

"ಕ್ಲೀಟ್!" ನೋರೀನ್ ಅಲ್ಲಿಂದಲೇ ಕೂಗಿದಳು.

ಅವನು ಬಾಯಿ ಮುಚ್ಚಿ ಟೋಪಿ ತೆಗೆದ. ತೆಗೆಯುವಾಗ ಗರಿನೊಣದ ಗಾಳವೊಂದು ಬೆರಳಿಗೆ ಚುಚ್ಚಿತು. ಚೀಪಿಕೊಂಡು ನಿಂತ. ಕೊನೆಗೆ ಅವನೇ, "ಹೆಸರೇನು ಅವ್ರದ್ದು?" ಎಂದ.

"ಓರಿನ್."

"ಓರಿನ್," ಎಂದು ಅವನು ತಲೆಯಾಡಿಸಿದ, ಈಗ ತಾನೇ ಪರಿಚಯವಾದ ಹಾಗೆ. "ಸರಿ. ಹೊತ್ತಾಗತ್ತೆ, ಬನ್ನಿ ಮತ್ತೆ."

"ನಂಗೆ ಬರಲ್ಲ."

"ನೋಡಿದೀನಿ. ಬೆಳಿಗ್ಗೆಯಿಂದ ಹೊಳೆಗೆ ಹೊಡೀತಿದ್ರಿ. ಬನ್ನಿ."

ದಾರಿಯುದ್ದಕ್ಕೂ ಅವನೇ ಮುಂದೆ ನಡೆದ. ಮೇಲಿನ ತಿರುವಿನಲ್ಲಿ ಅವಳ ದಾರ ಬಿಚ್ಚಿ, ಗಂಟು ಸರಿಮಾಡಿ, ಬೂದಿ ಬಣ್ಣದ ಚಿಕ್ಕ ಗರಿನೊಣವೊಂದನ್ನು ಕಟ್ಟಿಕೊಟ್ಟ. ಆಮೇಲೆ ನೂರು ಹೆಜ್ಜೆ ಮೇಲಕ್ಕೆ, ಬಂಡೆಯ ಆಚೆಗೆ ಹೋಗಿಬಿಟ್ಟ. ಟ್ರೌಟ್ ಹಿಡಿಯುವವರ ರೀತಿಯೇ ಹಾಗೆ, ಒಬ್ಬೊಬ್ಬರಿಗೆ ಒಂದೊಂದು ಮಡು. ಜೊತೆ ಬಂದವರೂ ಒಬ್ಬರ ನೀರಿಗೆ ಇನ್ನೊಬ್ಬರು ಇಳಿಯುವುದಿಲ್ಲ.

ಆರ್ಡಿಸ್ ಮೊಣಕಾಲುದ್ದದ ನೀರಿನಲ್ಲಿ ನಿಂತಳು. ಜುಲೈಯಲ್ಲೂ ಹಿಮ ಕರಗಿದ ನೀರು, ಮೂಳೆಗೆ ತಾಗುವಷ್ಟು ತಣ್ಣಗೆ. ಕೂತು ನೋಡುವಾಗ ಇದು ಇಷ್ಟು ತಣ್ಣಗಿದೆ ಎಂದು ಅವಳಿಗೆ ತಿಳಿದೇ ಇರಲಿಲ್ಲ. ಇಪ್ಪತ್ತಾರು ವರ್ಷ ಅವನು ಇದರಲ್ಲಿ ನಿಂತಿದ್ದ, ಒಂದು ದಿನವೂ ಹೇಳಲಿಲ್ಲ.

ಮೀನು ಎದ್ದವು. ಅಲ್ಲೊಂದು ಬಳೆ, ಇಲ್ಲೊಂದು ಬಳೆ ನೀರ ಮೇಲೆ. ಅವಳದಕ್ಕೆ ಒಂದೂ ಬಾಯಿ ಹಾಕಲಿಲ್ಲ.

"ಸಿಕ್ತಾ?" ಬಂಡೆಯಾಚೆಯಿಂದ ಕೂಗು ಬಂತು.

"ಇಲ್ಲ!"

"ನಂಗೂ ಇಲ್ಲ!"

ಅಷ್ಟೆ. ಆಮೇಲೆ ನೀರಿನ ಸದ್ದು ಮಾತ್ರ. ಆರ್ಡಿಸ್ ಬಾಗಿಲಲ್ಲಿ ನಿಂತು ಹೇಳಿದ ಆ ಮಾತನ್ನು ಇನ್ನೊಂದು ಸಲ, ಯಾರಿಗೂ ಕೇಳಿಸದ ಹಾಗೆ, ಸಣ್ಣಗೆ ಆಡಿ ನೋಡಿದಳು. ಮೊದಲ ಸಲಕ್ಕಿಂತ ಹಗುರವೇನೂ ಆಗಿರಲಿಲ್ಲ. ಮುಖ ಒರೆಸಿಕೊಂಡು, ಒದ್ದೆ ದಾರವನ್ನು ಎತ್ತಿ ಮತ್ತೆ ಎಸೆದಳು.