ತೊಟ್ಟಿಯ ಹಳದಿ, ಕಣ್ಣಿನ ಹಳದಿ

ಬಣ್ಣದ ಶೆಡ್ಡಿನಲ್ಲಿ ನೂಲು ಅದ್ದುವ ಆ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಆ ಸಿಟ್ಟು ಇನ್ನೂ ನಾಲ್ಕು ಜನಕ್ಕೆ ಇದ್ದಿದ್ದರೆ ಅವಳ ತಮ್ಮ ಬದುಕಿರುತ್ತಿದ್ದ.

ತಮ್ಮನೂ ಅದೇ ಶೆಡ್ಡಿನವನು. ಕ್ಷಯ ಬಂದು, ಮಾತ್ರೆ ಶುರುವಾದ ಮೇಲೆ ಅವನ ಕಣ್ಣು ಹಳದಿಯಾಯಿತು. ಆಗ ತೊಟ್ಟಿಗಳಲ್ಲಿ ಕುದಿಯುತ್ತಿದ್ದದ್ದೂ ಹಳದಿ ಬಣ್ಣವೇ. ಎಲ್ಲರ ಉಗುರು, ಕತ್ತು, ಕಿವಿ ಹಳದಿ. "ತೊಟ್ಟಿಯೊಳಗೆ ಮುಳುಗೆದ್ದು ಬಂದ್ಯೇನೋ?" ಎಂದು ಮೇಸ್ತ್ರಿ ನಕ್ಕ, ಉಳಿದವರೂ ನಕ್ಕರು. ಬಣ್ಣ ಕಣ್ಣಿನ ಒಳಗೆ ಹತ್ತುವುದಿಲ್ಲ ಎಂಬುದು ಒಬ್ಬರ ತಲೆಗೂ ಹೊಳೆಯಲಿಲ್ಲ. ವಾಂತಿ ಶುರುವಾದಾಗ ಆಸ್ಪತ್ರೆಯ ಡಾಕ್ಟರು ಕತ್ತೆತ್ತಿಯೂ ನೋಡದೆ, "ಕುಡಿಯೋದು ಬಿಡು, ಮಾತ್ರೆ ಬಿಡಬೇಡ" ಎಂದು ಸಾಗಹಾಕಿದ. ತಮ್ಮ ಒಂದು ಹನಿ ಮುಟ್ಟಿದವನಲ್ಲ. ಆದರೂ ಅಮ್ಮ ಡಾಕ್ಟರನ್ನು ನಂಬಿದಳು, ಹೆತ್ತ ಮಗನನ್ನಲ್ಲ. ಕುಡಿತ ಬಿಡುವವರೆಗೂ ನನ್ನನ್ನು ಮಾತಾಡಿಸಬೇಡ ಎಂದಳು. ಹಾಗೆ ಮಾತು ಬಿಟ್ಟಿದ್ದಾಗಲೇ ಅವನು ಹೋದ.

ಈಗ ಅಕ್ಕನಿಗೂ ಕ್ಷಯ. ಅದೇ ಆಸ್ಪತ್ರೆ, ಅದೇ ಮಾತ್ರೆ. ತನ್ನ ಎದುರಿಗೇ ನುಂಗಬೇಕೆಂದು ನರ್ಸ್ ನೀರಿನ ಲೋಟ ಹಿಡಿದು ನಿಂತಳು. ಅಕ್ಕ ಬಾಯಿ ತೆಗೆಯಲಿಲ್ಲ.

"ನನ್ನ ತಮ್ಮನ್ನ ತಿಂದ ಮಾತ್ರೆ ಇದು. ಡಾಕ್ಟರನ್ನ ಕರೀರಿ, ಆಮೇಲೆ ನೋಡೋಣ."

ಬಂದವಳು ಹೊಸ ಡಾಕ್ಟರಮ್ಮ. ಸ್ಟೂಲು ಎಳೆದುಕೊಂಡು ಕೂತು ಎಲ್ಲ ಕೇಳಿದಳು.

"ಕೆಲವರ ಮೈ ಈ ಔಷಧೀನ ನಿಧಾನಕ್ಕೆ ಅರಗಿಸುತ್ತೆ. ಅಂಥವರ ಲಿವರ್‌ಗೆ ಪೆಟ್ಟು ಬೀಳೋ ಸಾಧ್ಯತೆ ಜಾಸ್ತಿ. ಹುಟ್ಟಿನಿಂದ್ಲೇ ಬರೋದು ಅದು. ತಮ್ಮನಿಗೆ ಇದ್ದಿದ್ರೆ ನಿಮಗೂ ಇರಬಹುದು."

"ಇದು ಈಗ ಗೊತ್ತಾಗಿದ್ದಾ?"

"ಇಲ್ಲ. ತುಂಬಾ ವರ್ಷದಿಂದ ಗೊತ್ತಿದೆ."

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಗೊತ್ತಿದ್ದೂ ಕುಡುಕನೆಂದು ಹಣೆಪಟ್ಟಿ ಕಟ್ಟಿ ಕಳಿಸಿದರಲ್ಲ!

"ಮೊದ್ಲು ನನ್ನ ರಕ್ತ ತೆಗೆದು ಲಿವರ್ ಹೇಗಿದೆ ನೋಡಿ. ಆಮೇಲೂ ನೋಡ್ತಾನೇ ಇರ್ಬೇಕು. ಲಿವರ್ ಕೆಟ್ರೆ ಈ ಮಾತ್ರೆ ನಿಲ್ಲಿಸಿ ಬೇರೆ ಕೊಡ್ಬೇಕು. ಒಪ್ಪಿದ್ರೆ ನುಂಗ್ತೀನಿ."

ಡಾಕ್ಟರಮ್ಮ ಒಪ್ಪಿದಳು, ತಾನೇ ಸೂಜಿ ಚುಚ್ಚಿ ರಕ್ತ ತೆಗೆದಳು.

ಅಮ್ಮನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಳ್ಳಬೇಕೆಂದೇ ಅಕ್ಕ ಮನೆಗೆ ಬಂದಳು. ಅಮ್ಮ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ಅವನು ಕುಡೀತಿರ್ಲಿಲ್ಲಮ್ಮ. ನೀನೂ ಅಪ್ಪನೂ ಕೊಟ್ಟ ಮೈಯಲ್ಲೇ ಇದ್ದಿರಬಹುದಂತೆ, ಆ ಮಾತ್ರೆ ಆಗದೇ ಇರೋದು."

ಅಮ್ಮ ಮಡಚಿಟ್ಟಿದ್ದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚಿದಳು.

"ಬಾಯಿ ಮೂಸಿ ನೋಡಮ್ಮಾ ಅಂತ ಹತ್ರ ಬಂದಿದ್ದ," ಎಂದಳು. "ನಾನು ಮುಖ ತಿರುಗಿಸ್ಕೊಂಡೆ."